ಕರೆಯಲು ಬರುವವರೆಗೆ

ಹಕ್ಕಿಗೆ ಲೆಕ್ಕ ಬರುವುದಿಲ್ಲ ಎಂದು ನನಗೆ ಹೇಳಿಕೊಟ್ಟವಳು ನನ್ನ ಮಗಳು. ಗೂಡಿನ ಹತ್ತಿರ ಗುಡಾರ ಹಾಕಿ ಒಬ್ಬರೇ ಹೋಗಿ ಒಳಗೆ ಕೂತರೆ ಹಕ್ಕಿ ಆ ಕಡೆ ಸುಳಿಯುವುದಿಲ್ಲ. ಒಳಗೆ ಹೋದವರು ಹೊರಗೆ ಬರಲಿಲ್ಲ ಎನ್ನುವುದು ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಅದಕ್ಕೇ ಇಬ್ಬರು ಹೋಗಬೇಕು. ಒಬ್ಬರು ಕ್ಯಾಮೆರಾ ಹಿಡಿದು ಒಳಗೆ ಉಳಿಯಬೇಕು, ಇನ್ನೊಬ್ಬರು ಕೈ ಬೀಸಿಕೊಂಡು ಎದ್ದು ಕಾಣುವ ಹಾಗೆ ವಾಪಸು ನಡೆಯಬೇಕು. ಬಂದ ಪೀಡೆ ತೊಲಗಿತು ಎಂದು ನಂಬಿ ಹಕ್ಕಿ ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಇಬ್ಬರಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಉಳಿದಿರುತ್ತಾರೆ ಎನ್ನುವುದು ಪಾಪ ಅದಕ್ಕೆ ತಿಳಿಯದು. "ನಿನ್ನ ಹಾಗೇ ಅಮ್ಮ, ಗುಂಡಿ ಎಣಿಸದೆ ಶರ್ಟು ಕೊಟ್ಟು ಕಳಿಸ್ತೀಯಲ್ಲ," ಎಂದು ಮಗಳು ನನ್ನನ್ನು ಛೇಡಿಸುತ್ತಿದ್ದಳು.

ಅವಳನ್ನು ಮನೆಯಲ್ಲಿ ನಾವು ಕರೆಯುತ್ತಿದ್ದದ್ದು ಕಡ್ಡಿ ಎಂದು. ಎಷ್ಟು ತಿನ್ನಿಸಿದರೂ ಮೈ ಹಿಡಿಯದ ಹುಡುಗಿ. ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಕೇಂದ್ರದಲ್ಲಿ ಅವಳಿಗೆ ನೀರು ಪರೀಕ್ಷೆಯ ಕೆಲಸ ಸಿಕ್ಕಾಗ ನಾನು ಮೂಗು ಮುರಿದಿದ್ದೆ. ಓದಿ ಓದಿ ಕೊನೆಗೆ ಇದಕ್ಕಾ ಎಂದಿದ್ದೆ. ಅವಳೋ ಮೊದಲ ವಾರವೇ ಓಡಿ ಬಂದು, ಅಲ್ಲಿನ ಒಣಗುತ್ತಿರುವ ಕೊಳದ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಗೂಡು ಮಾಡಿವೆ, ಅಪ್ಪ ನಿನ್ನ ಕ್ಯಾಮೆರಾ ತಗೊಂಡು ಬಾ ಎಂದು ನಮ್ಮವರ ಕೈ ಹಿಡಿದು ಎಳೆದಳು. ಮೆಟ್ಟುಗಾಲು ಎಂದರೆ ಬಿಳಿ ಮೈ, ಕಪ್ಪು ರೆಕ್ಕೆ, ಮೈಗಿಂತ ಎರಡರಷ್ಟು ಉದ್ದದ ಕೆಂಪು ಕಾಲು. ಯಾರೋ ಬೇರೆ ಹಕ್ಕಿಗೆ ಮಾಡಿದ ಕಾಲನ್ನು ಇದಕ್ಕೆ ಹಾಕಿ ಹೊಲಿದ ಹಾಗಿರುತ್ತದೆ. ನಿನ್ನ ನೆಂಟರೇ ಕಣೇ ಎಂದು ನಮ್ಮವರು ನಕ್ಕಿದ್ದರು.

ನಮ್ಮವರದು ಫೋಟೋ ಸ್ಟುಡಿಯೋ. ಅಂಗಡಿಯ ಮುಂದಿನ ಅರ್ಧ ಅವರದು, ಹಿಂದಿನ ಅರ್ಧ ನನ್ನ ಹೊಲಿಗೆ ಯಂತ್ರದ್ದು, ನಡುವೆ ಒಂದು ಪ್ಲೈವುಡ್ ಗೋಡೆ. ಬೆಳಗಿನಿಂದ ಸಂಜೆಯವರೆಗೆ ಆ ಕಡೆಯಿಂದ ನನಗೆ ಕೇಳಿಸುವುದು ಒಂದೇ ಮಾತು: ಗಲ್ಲ ಸ್ವಲ್ಪ ಕೆಳಗೆ, ನಗಬೇಡಿ, ಕಣ್ಣು ಮುಚ್ಚಬೇಡಿ. ಜೀವಮಾನವೆಲ್ಲ ನಗಬೇಡಿ ಎಂದು ಹೇಳಿ ಹೊಟ್ಟೆ ಹೊರೆದುಕೊಂಡ ಮನುಷ್ಯ, ಹಕ್ಕಿಯ ಹುಚ್ಚು ಹಿಡಿದ ಮೇಲೆ ತಾವೇ ಸುಮ್ಮಸುಮ್ಮನೆ ನಗುವುದನ್ನು ಕಲಿತರು. ಭಾನುವಾರ ಬಂತೆಂದರೆ ಅಪ್ಪ ಮಗಳು ಬೆಳಗಾಗುವ ಮೊದಲೇ ಮಾಯ. ಮಧ್ಯಾಹ್ನ ವಾಪಸು ಬಂದರೆ ಇಬ್ಬರ ಮೈಯೂ ಗಬ್ಬು ನಾರುತ್ತಿತ್ತು. ಸ್ನಾನವಾಗುವವರೆಗೆ ನಾನು ಅವರನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತುಕೊಂಡೇ ಅಂದಿನ ಚಿತ್ರಗಳನ್ನು ಇಬ್ಬರೂ ತಲೆಗೆ ತಲೆ ತಾಗಿಸಿ ನೋಡುತ್ತಿದ್ದರು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು, ಇಲ್ಲವೆಂದರೆ ಸುಳ್ಳು.

ಗುಡಾರ ಹೊಲಿದುಕೊಟ್ಟದ್ದು ನಾನೇ. ಕೆಸರಿನ ಬಣ್ಣದ ದಪ್ಪ ಬಟ್ಟೆ, ಮುಂದುಗಡೆ ಲೆನ್ಸ್ ತೂರಿಸಲು ಅಂಗಿಯ ತೋಳಿನಂಥದ್ದು, ಹಿಂದೆ ಒಳಗಿಂದಲೂ ಹೊರಗಿಂದಲೂ ಎಳೆಯಬಹುದಾದ ಜಿಪ್ಪು. ಗಾಳಿಯಾಡಲು ಹಿಂದೆ ಒಂದು ಕಿಟಕಿ ಬಿಡುತ್ತೇನೆ ಎಂದರೆ ಕಡ್ಡಿ ಬೇಡವೆಂದಳು. ಹಿಂದಿನಿಂದ ಬೆಳಕು ಬಿದ್ದರೆ ಒಳಗಿರುವವರ ನೆರಳು ಅಲ್ಲಾಡುವುದು ಹಕ್ಕಿಗೆ ಕಾಣುತ್ತದಂತೆ. ಅವಳ ಕಟ್ಟುಪಾಡುಗಳು ಒಂದೆರಡಲ್ಲ. ಮೊಬೈಲ್ ಬಂದ್ ಮಾಡಬೇಕು, ಕೆಮ್ಮಬಾರದು, ಗುಡಾರವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ಸರಿಸಬೇಕು. ಎಲ್ಲಕ್ಕಿಂತ ದೊಡ್ಡದು, ಒಳಗೆ ಕೂತವರು ತಾವಾಗಿ ಎದ್ದು ಹೊರಗೆ ಬರಕೂಡದು. ಹೊರಗಿನವರು ಬಂದು ಕರೆಯಬೇಕು, ಆಗ ಇಬ್ಬರೂ ಸೇರಿ ಹೊರಡಬೇಕು. ಖಾಲಿ ಎಂದುಕೊಂಡಿದ್ದ ಗುಡಾರದಿಂದ ದಿಢೀರನೆ ಒಂದು ಆಳು ಎದ್ದು ಬಂದರೆ ಹಕ್ಕಿ ಆಮೇಲೆ ಗುಡಾರವನ್ನೇ ನಂಬುವುದಿಲ್ಲ. ಗೂಡು ಬಿಟ್ಟುಹೋದರೂ ಹೋಯಿತು, ಬಿಸಿಲಿಗೆ ಮೊಟ್ಟೆ ಬೆಂದುಹೋಗುತ್ತದೆ. ಅಪ್ಪನಿಂದ ಅವಳು ಇದನ್ನು ಪಾಠ ಒಪ್ಪಿಸಿಕೊಂಡ ಹಾಗೆ ಒಪ್ಪಿಸಿಕೊಳ್ಳುತ್ತಿದ್ದಳು. ನಾನು ಬಂದು ಕರೆಯುವವರೆಗೆ ಆಕಾಶವೇ ಕಳಚಿ ಬಿದ್ದರೂ ಏಳಬಾರದು. ನಮ್ಮವರು ಆಯಿತು ಮೇಡಂ ಎನ್ನುತ್ತಿದ್ದರು.

ಆ ದಿನ ಮೊಟ್ಟೆಗಳು ಬಿರಿಯುವುದರಲ್ಲಿದ್ದವು. ಹಿಂದಿನ ವರ್ಷಗಳಲ್ಲಿ ಒಮ್ಮೆ ನಾಯಿ, ಇನ್ನೊಮ್ಮೆ ನೀರು ನುಗ್ಗಿ ಗೂಡುಗಳು ಹಾಳಾಗಿದ್ದವು. ಮರಿ ಹೊರಗೆ ಬರುವ ಚಿತ್ರ ಬೇಕೇಬೇಕೆಂದು ಕಡ್ಡಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಬೆಳಿಗ್ಗೆ ಅಪ್ಪನನ್ನು ಗುಡಾರದಲ್ಲಿ ಕೂರಿಸಿ, ಕೊಳದ ಏರಿಯ ಮೇಲೆ ನಡೆದು ತನ್ನ ಕೆಲಸಕ್ಕೆ ಹೋದಳು. ಮಧ್ಯಾಹ್ನ ಅವರನ್ನು ಕರೆಯಲು ವಾಪಸು ಹೊರಟಳು. ಏರಿಯ ಇಳಿಜಾರಿಗೆ ಚಪ್ಪಡಿ ಹಾಸಿದ್ದಾರೆ, ನೀರಿನ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಅಲ್ಲಿ ಕಾಲು ಜಾರಿ ತಲೆ ಕಲ್ಲಿಗೆ ಬಡಿಯಿತು. ಗುಡಾರ ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ, ಆದರೆ ಕೂಗಲು ಅವಳಿಗೆ ಎಚ್ಚರವಿರಲಿಲ್ಲ. ಗುಡಾರದ ಬೆನ್ನು ಅವಳ ಕಡೆಗಿತ್ತು.

ನಮ್ಮವರು ಕಾದರು. ಊಟದ ಹೊತ್ತು ಮೀರಿತು, ಬಿಸಿಲು ಇಳಿಯಿತು, ಅವರು ಕಾದರು. ಮರಿಗಳು ಒಂದೊಂದಾಗಿ ಬರುತ್ತಿದ್ದವು. ಕಡ್ಡಿ ಇದನ್ನು ದೂರದಿಂದ ದುರ್ಬೀನಿನಲ್ಲಿ ನೋಡಿರಬೇಕು, ಅಪ್ಪನಿಗೆ ಇನ್ನೂ ಸ್ವಲ್ಪ ಹೊತ್ತು ಸಿಗಲಿ ಎಂದು ಬೇಕೆಂದೇ ತಡಮಾಡುತ್ತಿದ್ದಾಳೆ ಎಂದು ಅವರು ಅಂದುಕೊಂಡರಂತೆ. ಸಂಜೆ ಪಂಪ್ ಶುರುಮಾಡಲು ಬಂದ ಆಪರೇಟರು ಅವಳನ್ನು ನೋಡಿ, ಜನ ಸೇರಿಸಿ, ಆಮೇಲೆ ಗುಡಾರದ ಹತ್ತಿರ ಹೋಗಿ ಜಿಪ್ಪು ಎಳೆದು ಇವರನ್ನು ಹೊರಗೆ ಕರೆದ. ಆಸ್ಪತ್ರೆಯಲ್ಲಿ ಡಾಕ್ಟರು ಕೈ ಒರೆಸಿಕೊಳ್ಳುತ್ತ, ಸ್ವಲ್ಪ ಬೇಗ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಅವರಿಗದು ದಿನಾ ಹೇಳುವ ಮಾತು.

ಕ್ಯಾಮೆರಾ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಇತ್ತು. ಮಾಡಲು ಏನೂ ತೋಚದೆ ಅದನ್ನು ಆನ್ ಮಾಡಿ ನೋಡಿದೆ. ಚಿಪ್ಪಿನಿಂದ ಹೊರಗೆ ಬಂದ ಒದ್ದೆ ತಲೆ. ಒಡೆದ ಚಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೊರಟ ತಾಯಿ. ಹೊಟ್ಟೆಯ ಕೆಳಗೆ ಗುಂಪಾಗಿ ನಿಂತ ಮರಿಗಳ ಪುಟ್ಟ ಪುಟ್ಟ ಕಾಲು. ನಮ್ಮವರು ಬದುಕಿನಲ್ಲಿ ಅಂಥ ಚಿತ್ರ ತೆಗೆದಿರಲಿಲ್ಲ. ಅವು ಕೆಟ್ಟದಾಗಿ ಬಂದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ನನ್ನ ಮಗಳು ಕಲ್ಲಿನ ಮೇಲೆ ಬಿದ್ದಿದ್ದಾಗ ಈ ಮನುಷ್ಯ ಒಂದೂ ಮಂಕಾಗದಂತೆ, ಅಲುಗಾಡದಂತೆ ಚಿತ್ರ ತೆಗೆದಿದ್ದಾರಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

ಮಣ್ಣು ಮಾಡಿ ಬಂದ ದಿನ ನಮ್ಮಣ್ಣ ಎಲ್ಲರೆದುರಿಗೇ, ಮಗಳು ಇಷ್ಟು ಹೊತ್ತಾದರೂ ಬರಲಿಲ್ಲ ಅಂದರೆ ಎದ್ದು ನೋಡಬಾರದಾ, ಎಂಥ ಅಪ್ಪ ಎಂದುಬಿಟ್ಟ. ನಮ್ಮವರು ಮೂಲೆಯಲ್ಲಿ ಗರಬಡಿದವರ ಹಾಗೆ ಕೂತಿದ್ದರು, ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ನನ್ನ ಕಡೆ ನೋಡಿದರು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಆಮೇಲೆ ಮನೆ ನಡೆಯಿತು. ಸ್ಟುಡಿಯೋ ಬಾಗಿಲು ತೆರೆಯಿತು. ಪ್ಲೈವುಡ್ಡಿನ ಆ ಕಡೆ ಗಲ್ಲ ಕೆಳಗೆ ಎನ್ನುವುದು ಕೇಳಿಸುತ್ತಿತ್ತು, ನಗಬೇಡಿ ಎನ್ನುವುದು ನಿಂತುಹೋಗಿತ್ತು. ನಾವು ಇಬ್ಬರೂ ಬೇಳೆ, ಗ್ಯಾಸು, ಬಲ್ಬು ಎಂದು ಬೇಕಾದಷ್ಟು ಮಾತಾಡುತ್ತಿದ್ದೆವು.

ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತವರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ನಾನು ಎದ್ದು ಬರಬೇಕಿತ್ತಾ?" ಎಂದರು.

ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಉತ್ತರವನ್ನು ನೂರು ಸಲ ಮನಸ್ಸಿನಲ್ಲೇ ಹೇಳಿಯೂ ಇದ್ದೆ, ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ. ಬೇಡವಾಗಿತ್ತು ಎಂದರೆ ಮಗಳಿಗೆ ಮೋಸ. ಬೇಕಿತ್ತು ಎಂದರೆ ಎದುರಿಗೆ ಕೂತ ಈ ಜೀವ ಉಳಿಯುವುದಿಲ್ಲ. ಆಗಲೇ ಅರ್ಧ ಇಳಿದುಹೋಗಿದ್ದರು, ಪ್ಯಾಂಟುಗಳನ್ನೆಲ್ಲ ನಾನೇ ಸೊಂಟದಲ್ಲಿ ಹಿಡಿದು ಹೊಲಿದುಕೊಟ್ಟಿದ್ದೆ.

"ನನಗೆ ಹೇಗೆ ಗೊತ್ತಾಗ್ಬೇಕು? ನಾನೇನು ಅದರೊಳಗೆ ಕೂತಿದ್ನಾ?" ಎಂದೆ.

ಅದು ಉತ್ತರವಲ್ಲ, ತಪ್ಪಿಸಿಕೊಳ್ಳುವ ಮಾತು. ಆದರೆ ಅವರು ಅದನ್ನು ಹಾಗೇ ಗಟ್ಟಿಯಾಗಿ ಹಿಡಿದುಕೊಂಡರು. ಅದರ ಬಗ್ಗೆ ಆಮೇಲೆ ಚಕಾರವೆತ್ತಲಿಲ್ಲ. ಮತ್ತೆ ಹಕ್ಕಿಗಳು ಗೂಡು ಕಟ್ಟುವ ಕಾಲ ಬಂತು. ಆಪರೇಟರು ಸ್ಟುಡಿಯೋಗೆ ಯಾವುದೋ ಫೋಟೋಗೆಂದು ಬಂದವನು, ಅದೇ ಕೊಳದಲ್ಲಿ ಒಂದು ಜೋಡಿ ಮೊಟ್ಟೆ ಇಟ್ಟಿದೆ ಎಂದು ಹೇಳಿ ಹೋದ. ಅಂದಿನಿಂದ ನಮ್ಮವರು ಬೆಳಿಗ್ಗೆ ಹೋಗಿ ಬರತೊಡಗಿದರು. ಕ್ಯಾಮೆರಾ ಒಯ್ಯುತ್ತಿರಲಿಲ್ಲ. ಗುಡಾರವನ್ನು ದೂರದಲ್ಲಿ ನಿಲ್ಲಿಸಿ, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ಸರಿಸಿ ಬರುತ್ತಿದ್ದರು. ನಾನು ಕೇಳಲಿಲ್ಲ. ಒಂದು ಶನಿವಾರ ಅಂಗಡಿಯ ಶಟರ್ ಎಳೆಯುತ್ತ ಅವರೇ ಹೇಳಿದರು.

"ನಾಳೆ ಒಂದ್ಸಲ ನೀನು ಒಳಗೆ ಕೂತು ನೋಡು. ಆಮೇಲೆ ಹೇಳು."

ಏನು ಹೇಳಬೇಕೆಂದು ಅವರು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ರಾತ್ರಿ ಹಾಸಿಗೆಯಲ್ಲಿ ನಾನು ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಆಗಲಿ, ಕೂತು ನೋಡಿಯೇಬಿಡುತ್ತೇನೆ. ಒಂದು ಬಟ್ಟೆಯ ಗೂಡಿನೊಳಗೆ ಕೂತ ಮಾತ್ರಕ್ಕೆ ಮನುಷ್ಯ ಹೆತ್ತ ಮಗಳನ್ನು ಅದು ಹೇಗೆ ಮರೆಯುತ್ತಾನೋ ನನಗೂ ತಿಳಿಯಲಿ ಎಂದುಕೊಂಡೆ. ಕೂತು ಎದ್ದು ಬಂದು, ನೋಡಿದೆ ಕಣ್ರೀ, ಎಲ್ಲ ಕೇಳಿಸುತ್ತೆ, ಎಲ್ಲ ಗೊತ್ತಾಗುತ್ತೆ ಎಂದು ಅವರ ಮುಖದ ಮೇಲೆ ಹೇಳಬೇಕೆನ್ನುವುದು ನನ್ನ ಲೆಕ್ಕಾಚಾರವಾಗಿತ್ತು.

ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋದೆವು. ಕೇಂದ್ರದ ಗೇಟು ದಾಟಿ, ಗುರುಗುಟ್ಟುವ ದೊಡ್ಡ ತೊಟ್ಟಿಗಳನ್ನು ಹಾದು, ಏರಿಯ ಮೇಲೆ ನಡೆದೆವು. ಚಪ್ಪಡಿಯ ಆ ಜಾಗ ಬಂದಾಗ ನಮ್ಮವರು ನನ್ನ ಇನ್ನೊಂದು ಪಕ್ಕಕ್ಕೆ ಬಂದು, ಅಲ್ಲಿ ನೀರಿನ ಕಡೆ ತಾವು ನಡೆದರು. ನಾನು ಕಣ್ಣು ಎತ್ತಲಿಲ್ಲ. ಕೆಸರಿಗೆ ಇಳಿಯುತ್ತಿದ್ದಂತೆ ಜೋಡಿ ಹಕ್ಕಿ ಮೇಲೆದ್ದು ಕಿಕ್ ಕಿಕ್ ಎಂದು ನಮ್ಮ ತಲೆಯ ಮೇಲೇ ಸುತ್ತು ಹೊಡೆದವು. ಕೆಂಪು ಕಾಲುಗಳು ಹಿಂದೆ ದಾರದ ಹಾಗೆ ನೇತಾಡುತ್ತಿದ್ದವು. ಗೂಡೆಂದರೆ ಎಂಥದೂ ಇಲ್ಲ, ಕೆಸರಿನ ಸಣ್ಣ ದಿಬ್ಬ, ನಾಲ್ಕು ಕಡ್ಡಿ ಕಸ, ಅದರ ಮೇಲೆ ಮಸಿ ಚೆಲ್ಲಿದಂಥ ಮೊಟ್ಟೆಗಳು. ಇಷ್ಟಕ್ಕಾಗಿಯಾ ಅನ್ನಿಸಿತು.

ಗುಡಾರದೊಳಗೆ ಒಂದು ಮಡಚುವ ಸ್ಟೂಲು. ನಮ್ಮವರು ನನ್ನನ್ನು ಕೂರಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಗೂಡಿನ ಕಡೆ ತಿರುಗಿಸಿ ಕೊಟ್ಟರು. ಗುಂಡಿಯನ್ನು ಮೊದಲು ಅರ್ಧ ಒತ್ತಬೇಕು, ಉಸಿರು ಬಿಡಬೇಕು, ಆಮೇಲೆ ಪೂರ್ತಿ ಒತ್ತಬೇಕು ಎಂದು ಪಿಸುಮಾತಿನಲ್ಲಿ ತೋರಿಸಿಕೊಟ್ಟರು. ನನ್ನ ಮೊಬೈಲು ತಾವೇ ಬಂದ್ ಮಾಡಿ ಬ್ಯಾಗಿಗೆ ಹಾಕಿದರು. ಬಿಸಿಲು ನೆತ್ತಿಗೆ ಬರುವ ಮೊದಲು ಕರೆಯಲು ಬರುತ್ತೇನೆ ಎಂದರು. ಜಿಪ್ಪು ಎಳೆಯುವ ಮೊದಲು ಒಂದು ಗಳಿಗೆ ನನ್ನ ಮುಖ ನೋಡಿದರು. ಅವರ ಹೆಜ್ಜೆಗಳು ಕೆಸರಿನಲ್ಲಿ ಪಚಕ್ ಪಚಕ್ ಎನ್ನುತ್ತ ದೂರವಾದವು.

ಒಳಗೆ ಸೆಕೆ. ನಾನೇ ಹಾಕಿದ ಹೊಲಿಗೆ ಕಣ್ಣೆದುರಿಗಿತ್ತು. ಸ್ವಲ್ಪ ಹೊತ್ತು ನಾನು ಬರೀ ಕಿವಿಯಾಗಿ ಕೂತೆ. ಹಿಂದೆ ಏನು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡಲೆಂದೇ ಬಂದವಳು ನಾನು. ತೊಟ್ಟಿಗಳು ಗುರುಗುಟ್ಟುವುದು, ಗಾಳಿಗೆ ಬಟ್ಟೆ ಪಟಪಟಿಸುವುದು, ಇಷ್ಟೇ. ನಮ್ಮವರ ಹೆಜ್ಜೆ ಎಲ್ಲಿ ಮುಗಿಯಿತೆನ್ನುವುದೂ ತಿಳಿಯಲಿಲ್ಲ.

ಹಕ್ಕಿಗಳ ಅರಚಾಟ ಕಡಿಮೆಯಾಯಿತು. ಒಂದು ಹಕ್ಕಿ ದೂರದಲ್ಲಿ ಇಳಿದು, ನನಗೂ ಈ ಗೂಡಿಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಅತ್ತಿತ್ತ ಕೆಸರು ಕುಕ್ಕುತ್ತ ಬಂತು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಗೂಡಿನ ಹತ್ತಿರ ಬಂದು ನಿಂತು ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿತು. ಆಮೇಲೆ ಆ ಉದ್ದದ ಕಾಲುಗಳನ್ನು ಮಡಚಿತು. ಮಡಚುವುದು ಅದಕ್ಕೇನು ಸುಲಭದ ಕೆಲಸವಲ್ಲ. ಮೊಣಕಾಲು ನೋಯುವ ನನ್ನಂಥವಳು ನೆಲಕ್ಕೆ ಕೂರುವ ಹಾಗೆ, ಸ್ವಲ್ಪ ಬಗ್ಗಿ, ಸುಧಾರಿಸಿಕೊಂಡು, ಇನ್ನೂ ಸ್ವಲ್ಪ ಬಗ್ಗಿ, ಎದೆಯ ಗರಿ ಬಿಡಿಸಿ ಮೊಟ್ಟೆಗಳ ಮೇಲೆ ಕೂತಿತು. ನನಗೆ ನಗು ಬಂತು. ನಾನು ಗುಂಡಿ ಒತ್ತಿದೆ.

ಒಂದು ಒತ್ತಿದ ಮೇಲೆ ಇನ್ನೊಂದು. ಅದು ಕೊಕ್ಕು ತೆರೆದು ಏದುಸಿರು ಬಿಟ್ಟಿತು, ಒತ್ತಿದೆ. ಬಿಸಿಲು ಚುರುಕಾದಾಗ ಎದ್ದುಹೋಗಿ ನೀರಿನಲ್ಲಿ ಹೊಟ್ಟೆ ಅದ್ದಿಕೊಂಡು, ತೊಟ್ಟಿಕ್ಕುತ್ತ ಓಡಿಬಂದು ಆ ಒದ್ದೆ ಗರಿಯನ್ನೇ ಮೊಟ್ಟೆಗಳಿಗೆ ಒತ್ತಿ ಕೂತಿತು. ಮೊಟ್ಟೆ ಬೇಯಬಾರದೆಂದು ತಣ್ಣೀರು ಪಟ್ಟಿ ಹಾಕುವ ತಾಯಿ! ಇದನ್ನು ಕಡ್ಡಿ ನನಗೆ ಎಷ್ಟು ಸಲ ಹೇಳಿದ್ದಳು, ನಾನು ಯಂತ್ರ ತುಳಿಯುತ್ತ ಹೂಂ ಹೂಂ ಎಂದಿದ್ದೆ ಅಷ್ಟೆ. ಇನ್ನೊಂದು ಹಕ್ಕಿ ಪಾಳಿ ಬದಲಿಸಲು ಬಂತು. ಕೂತಿದ್ದದ್ದು ಎದ್ದುಹೋಗುವಾಗ ದಾರಿಯಲ್ಲಿ ಸಿಕ್ಕ ಕಸಕಡ್ಡಿಯನ್ನು ಒಂದೊಂದಾಗಿ ಹಿಂದಕ್ಕೆ, ಗೂಡಿನ ಕಡೆಗೆ ಎಸೆಯುತ್ತ ಹೋಯಿತು. ಹೊರಡುವ ಹೊತ್ತಿಗೂ ಮನೆಯ ಕೆಲಸ ಬಿಡಲಾರದವರನ್ನು ನಾನು ನೋಡಿದ್ದೇನೆ. ಕಣ್ಣು ಲೆನ್ಸಿಗೆ ಅಂಟಿಕೊಂಡಿತ್ತು. ಬೆವರು ಕುತ್ತಿಗೆಯಿಂದ ಇಳಿದು ಬೆನ್ನು ತೋಯಿಸಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಆಗ, ಬೆವರು ಒರೆಸಿಕೊಳ್ಳುತ್ತ, ನನಗೆ ಅರ್ಥವಾಯಿತು. ಇಷ್ಟು ಹೊತ್ತು ನಾನು ಎಲ್ಲಿದ್ದೆ? ಹೊರಗೆ ಲೋಕ ಮುಳುಗಿಹೋಗಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಮಗಳನ್ನು ಮರೆಯುವುದು ಹೇಗೆಂದು ನೋಡಲು ಬಂದ ನಾನೇ, ಈ ಬೆಳಗಿನಲ್ಲಿ, ಅವಳು ಸತ್ತ ಮೇಲೆ ಮೊದಲ ಸಲ, ಅವಳು ಸತ್ತದ್ದನ್ನು ಮರೆತಿದ್ದೆ. ಇನ್ನು ಅವರೋ, ಮಗಳು ಬದುಕಿದ್ದಾಳೆ, ಇನ್ನೇನು ಬರುತ್ತಾಳೆ ಎಂದು ನಂಬಿ ಕೂತಿದ್ದವರು. ಅವಳು ಆಸೆಪಟ್ಟ ಚಿತ್ರವನ್ನು ಅವಳಿಗಾಗಿಯೇ ತೆಗೆಯುತ್ತ ಕೂತಿದ್ದವರು. ಎದ್ದರೆ ಅವಳ ಮಾತು ಮೀರಿದಂತಾಗುತ್ತಿತ್ತು.

ನನ್ನ ಕಣ್ಣು ತುಂಬಿಬಂತು. ದುಃಖವೂ ಹೌದು, ಒಂದು ಥರ ಹಗುರವೂ ಆಯಿತು. ಇಷ್ಟು ದಿನ ಸಿಗದಿದ್ದ ಉತ್ತರ ತಾನಾಗಿಯೇ ಸಿಕ್ಕಿತ್ತು. ಅವರು ಬಂದು ಜಿಪ್ಪು ಎಳೆದ ಕೂಡಲೇ ಹೇಳಿಬಿಡಬೇಕು ಎಂದು ಮಾತನ್ನು ಹೊಂದಿಸಿಕೊಂಡೆ. ಒಳಗೆ ಕೂತವರಿಗೆ ಏನೂ ಗೊತ್ತಾಗಲ್ಲ ಕಣ್ರೀ, ನೀವು ಏಳೋ ಹಾಗೇ ಇರಲಿಲ್ಲ. ಇಷ್ಟೇ. ಹೇಳಿ, ಕೈ ಹಿಡಿದುಕೊಂಡು ಮನೆಗೆ ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಅವರು ಅತ್ತರೆ ಅಳಲಿ. ನಾನು ಮತ್ತೆ ಲೆನ್ಸಿಗೆ ಕಣ್ಣಿಟ್ಟು ಅವರಿಗಾಗಿ ಕಾಯತೊಡಗಿದೆ.

ಬಿಸಿಲು ನೆತ್ತಿಗೆ ಬಂತು. ಲೆನ್ಸಿನ ತೋಳಿನ ಪಕ್ಕಕ್ಕೆ ಬೀಳುತ್ತಿದ್ದ ನೆರಳು ಮಾಯವಾಯಿತು. ನಮ್ಮವರು ಬರಲಿಲ್ಲ. ಇವಳು ನೋಡಲಿ, ಇನ್ನೂ ಸ್ವಲ್ಪ ಹೊತ್ತು ಕೂರಲಿ ಎಂದು ಬೇಕೆಂದೇ ತಡಮಾಡುತ್ತಿದ್ದಾರೆ ಎಂದುಕೊಂಡೆ. ಅಂದುಕೊಂಡ ಕೂಡಲೇ ಕಣ್ಣನ್ನು ಲೆನ್ಸಿನಿಂದ ಕಿತ್ತೆ. ಈ ಮಾತು ನನ್ನದಲ್ಲ, ಅವರು ಅಂದುಕೊಂಡಿದ್ದ ಮಾತು ಇದು.

ಸುಮ್ಮನೆ ಕೂರು ಎಂದು ನನಗೆ ನಾನೇ ಗದರಿಕೊಂಡೆ. ಹಕ್ಕಿ ಗೂಡಿನ ಮೇಲಿದೆ. ಮೊಟ್ಟೆ ಬೇಯುತ್ತದೆ. ಕರೆಯಲು ಬರುವವರೆಗೆ ಏಳಬಾರದು. ಕೂತರೆ ಮಾತ್ರ ನಾನು ಕಟ್ಟಿಕೊಂಡ ಮಾತಿಗೆ ಬೆಲೆ, ಎದ್ದರೆ ಎಲ್ಲ ಮುಗಿದುಹೋಗುತ್ತದೆ ಎನ್ನುವುದೂ ನನಗೆ ತಿಳಿಯದೆ ಇರಲಿಲ್ಲ. ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗಾಳಿಗೆ ಬಟ್ಟೆ ಪಟಪಟ ಎಂದಿತು. ಆ ಚಪ್ಪಡಿ, ಆ ಪಾಚಿ, ನೀರಿನ ಕಡೆ ತಾವು ನಡೆದ ನಮ್ಮವರು.

ಜಿಪ್ಪು ಯಾವಾಗ ಎಳೆದೆನೋ ಗೊತ್ತಿಲ್ಲ. ಹಕ್ಕಿ ಚೀರುತ್ತ ಮೇಲೆದ್ದದ್ದು ಕೇಳಿಸಿತು, ತಿರುಗಿ ನೋಡಲಿಲ್ಲ. ಕೆಸರಿನಲ್ಲಿ ಬಿದ್ದೆ, ಎದ್ದೆ, ರೀ ರೀ ಎಂದು ಕೂಗುತ್ತ ಏರಿಯ ಕಡೆ ಓಡಿದೆ. ಮದುವೆಯಾದ ಮೇಲೆ ನಾನು ಓಡಿದ್ದು ಅದೇ ಮೊದಲಿರಬೇಕು.

ಅವರು ಅಲ್ಲೇ ಇದ್ದರು. ಅದೇ ಚಪ್ಪಡಿಯ ಮೇಲುಗಡೆ, ಏರಿಯ ಅಂಚಿನಲ್ಲಿ, ಎರಡೂ ಕೈ ಮೊಣಕಾಲಿನ ಮೇಲಿಟ್ಟು ಕೂತಿದ್ದರು. ಏನೂ ಆಗಿರಲಿಲ್ಲ. ನನ್ನನ್ನು ಕರೆಯಲು ಹೊತ್ತಿಗೆ ಸರಿಯಾಗಿಯೇ ಹೊರಟಿದ್ದರಂತೆ, ಇಲ್ಲಿಗೆ ಬರುತ್ತಿದ್ದಂತೆ ಕಾಲು ಮುಂದಕ್ಕೆ ಬರಲಿಲ್ಲವಂತೆ. ಬೇಕೆಂದು ನನ್ನನ್ನು ಪರೀಕ್ಷೆ ಮಾಡಿದವರಲ್ಲ, ಅಂಥ ಬುದ್ಧಿ ಅವರಿಗೆ ಇಲ್ಲವೇ ಇಲ್ಲ. ನಾನು ಏದುಸಿರು ಬಿಡುತ್ತ ಎದುರಿಗೆ ನಿಂತಾಗ ತಲೆ ಎತ್ತಿ, ನಿಜಕ್ಕೂ ತಿಳಿಯದವರ ಹಾಗೆ ನೋಡಿದರು.

"ಯಾಕೆ ಎದ್ದು ಬಂದೆ?"

"ನೀವು ಬರ್ಲಿಲ್ಲ ಅಂತ."

"ಅಷ್ಟೇನಾ? ಏನಾದ್ರೂ ಕೇಳಿಸ್ತಾ?"

ಸುಳ್ಳು ಹೇಳಬಹುದಿತ್ತು. ಏನೋ ಸದ್ದಾಯಿತು, ನೀವು ಕೂಗಿದ ಹಾಗಾಯಿತು ಎನ್ನಬಹುದಿತ್ತು. ಆ ಗಳಿಗೆಯಲ್ಲಿ ನನಗೆ ಅದು ಹೊಳೆಯಲಿಲ್ಲ. ಏನೂ ಕೇಳಿಸಲಿಲ್ಲ ಎಂದುಬಿಟ್ಟೆ.

ಅವರು ನಿಧಾನವಾಗಿ ತಲೆಯಾಡಿಸಿದರು. ಮುಖದಲ್ಲಿ ಸಿಟ್ಟಿಲ್ಲ, ಅಳುವೂ ಇಲ್ಲ. ಬಹಳ ದಿನ ಕಾದ ಫಲಿತಾಂಶ ಕೈಗೆ ಬಂದವರ ಹಾಗಿದ್ದರು.

"ಹೌದಲ್ವಾ," ಎಂದರು. "ಬರ್ಲಿಲ್ಲ ಅನ್ನೋದೇ ಸಾಕಿತ್ತು."

ನಾನು ಅವರ ಪಕ್ಕ ಕುಸಿದೆ. ಕಟ್ಟಿಕೊಂಡು ಬಂದಿದ್ದ ಮಾತು ಇನ್ನೂ ಬಾಯಲ್ಲೇ ಇತ್ತು. ಬಿಡಲಿಲ್ಲ, ಹೇಳಿದೆ. ಒಳಗೆ ಕೂತವರಿಗೆ ಏನೂ ಗೊತ್ತಾಗಲ್ಲ ಕಣ್ರೀ, ನಾನೇ ನೋಡಿದೆನಲ್ಲ, ನೀವು ಏಳುವ ಹಾಗೇ ಇರಲಿಲ್ಲ ಎಂದೆ. ಅದು ನಿಜವಾಗಿತ್ತು. ದೇವರಾಣೆಗೂ ನಿಜವಾಗಿತ್ತು. ನಾನು ಹೇಳುತ್ತಿದ್ದಷ್ಟು ಹೊತ್ತೂ ಅವರು ನನ್ನ ಮುಖ ನೋಡದೆ ಕಾಲು ನೋಡುತ್ತಿದ್ದರು. ಮೊಣಕಾಲಿನವರೆಗೆ ಕೆಸರು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಹಿಮ್ಮಡಿ ಎಲ್ಲೋ ಕೊಯ್ದು ರಕ್ತ ಬರುತ್ತಿತ್ತು.

"ಹೂಂ," ಎಂದರು. ಮಕ್ಕಳು ಏನಾದರೂ ಹೇಳಿದರೆ ನೋಯಿಸಬಾರದೆಂದು ದೊಡ್ಡವರು ಹೇಳುತ್ತಾರಲ್ಲ, ಆ ಥರದ ಹೂಂ.

ತಲೆಯ ಮೇಲೆ ಹಕ್ಕಿಗಳು ಇನ್ನೂ ಸುತ್ತುತ್ತಿದ್ದವು. ನಾವು ಇಲ್ಲೇ ಕೂತಿರುವವರೆಗೆ ಅವು ಇಳಿಯುವುದಿಲ್ಲ, ಬಿಸಿಲು ಕೆಟ್ಟದಾಗಿದೆ, ಏಳು ಎಂದರು. ನನ್ನನ್ನು ಎಬ್ಬಿಸಿ ನಿಲ್ಲಿಸಿ, ತಾವು ಚಪ್ಪಡಿಯ ಮೇಲಿಂದಲೇ ಹುಷಾರಾಗಿ ಕೆಳಗಿಳಿದು, ನಾನು ಓಡಿಬಂದ ದಾರಿ ಹಿಡಿದು ಚಪ್ಪಲಿ ಹುಡುಕಲು ಹೋದರು. ಅವರು ಕೆಸರಿನಲ್ಲಿ ಬಗ್ಗಿ ಕೈಯಾಡಿಸುವುದನ್ನು ನಾನು ಏರಿಯ ಮೇಲಿಂದ ನೋಡುತ್ತ ನಿಂತೆ. ಎಷ್ಟು ಸಣ್ಣಗಾಗಿದ್ದರು. ಬೇಡ ಬನ್ನಿ, ಚಪ್ಪಲಿ ಹೋದರೆ ಹೋಗಲಿ ಎಂದು ಕೂಗಿದೆ. ಅವರು ಕೈಯೆತ್ತಿ, ಇರು ಎಂದರು.